ಮನೆಯಲ್ಲಿ ಓದಿಕೊಳ್ಳಿ ಎಂದಿದ್ದ ಪಾಠ

ಹೂವಿನ ಪಾಠವನ್ನು ನನ್ನಷ್ಟು ಚೆನ್ನಾಗಿ ಮಾಡುವವರು ಇಡೀ ಜಯನಗರದಲ್ಲೇ ಇರಲಿಲ್ಲ. ಜಂಬ ಅನ್ನಿ, ಪರವಾಗಿಲ್ಲ. ತೊಂಬತ್ತರ ದಶಕದಲ್ಲಿ ನಾನು ಅಲ್ಲಿನ ಒಂದು ಹುಡುಗಿಯರ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾಗಿದ್ದೆ. ಕನ್ನಡ ಮೀಡಿಯಂ, ಒಂದೊಂದು ಕ್ಲಾಸಿನಲ್ಲಿ ಐವತ್ತರ ಮೇಲೆ ಹುಡುಗಿಯರು. ಹೂವಿನ ಪಾಠ ಶುರುವಾಗುವ ದಿನ ಶ್ರೀನಗರದ ನಮ್ಮ ಮನೆಯ ಕಾಂಪೌಂಡಿನ ದಾಸವಾಳವನ್ನೆಲ್ಲ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದೆ. ಬೆಂಚಿಗೊಂದು ಹೂವು, ಒಂದು ಬ್ಲೇಡು. ಪರಾಗ ಎಲ್ಲಿದೆ, ಅಂಡಾಶಯ ಎಲ್ಲಿದೆ, ಎಲ್ಲವನ್ನೂ ಸೀಳಿ ತೋರಿಸುತ್ತಿದ್ದೆ. "ಪರಾಗ ಒಂದ್ಸಲ ತಾಗಿದ್ರೆ ಸಾಕು, ಕಾಯಿ ಕಟ್ಟುತ್ತೆ" ಅನ್ನುವುದು ನನ್ನ ಖಾಯಂ ಮಾತು. ಮೂರು ಪೀರಿಯಡ್ ಹೂವಿಗೇ ಹೋಗುತ್ತಿತ್ತು.

ಅದರ ಮುಂದಿನ ಪಾಠ ಮನುಷ್ಯರದು. ಅದಕ್ಕೆ ನಾನು ಕೊಡುತ್ತಿದ್ದದ್ದು ಅರ್ಧ ನಿಮಿಷ. "ಇದು ಸುಲಭವಾಗಿದೆ, ಮನೇಲಿ ಓದ್ಕೊಳ್ಳಿ" ಅಂದು, ಡಸ್ಟರ್ ತೆಗೆದುಕೊಂಡು, ಬೋರ್ಡಿನಲ್ಲಿ ಏನೂ ಇಲ್ಲದಿದ್ದರೂ ಒರೆಸುತ್ತಿದ್ದೆ. ಹುಡುಗಿಯರು ತಲೆ ತಗ್ಗಿಸಿ ಮುಸಿಮುಸಿ ನಗುತ್ತಿದ್ದರು. ಇದು ನಾನು ಕಂಡುಹಿಡಿದ ಉಪಾಯವಲ್ಲ. ನನಗಿಂತ ಮುಂಚೆ ಇದ್ದ ಹಿರಿಯ ಟೀಚರ್ ಹಾಗೇ ಮಾಡುತ್ತಿದ್ದರು, ಅವರಿಗಿಂತ ಮುಂಚಿನವರೂ ಹಾಗೇ ಮಾಡಿದ್ದರಂತೆ. ಪರೀಕ್ಷೆಯಲ್ಲಿ ಅದರ ಪ್ರಶ್ನೆ ಬಂದರೆ ಚಾಯ್ಸಿನಲ್ಲಿ ಬಿಡಿ ಅನ್ನುವುದೂ ನಮ್ಮ ಪರಂಪರೆಯೇ.

ನನಗೆ ಶಾಲೆಯಲ್ಲಿ ಇನ್ನೊಂದು ಕೆಲಸವಿತ್ತು, ಶಾರದಾ ಪೂಜೆಯ ಉಸ್ತುವಾರಿ. ದಸರಾ ರಜೆಗೆ ಮುಂಚಿನ ದಿನ ಪೂಜೆ. ಹತ್ತನೇ ಕ್ಲಾಸಿನ ಐದು ಹುಡುಗಿಯರು ಸೀರೆ ಉಟ್ಟು, ಕಲಶ ಹಿಡಿದು ಗೇಟಿನಿಂದ ಸಭಾಂಗಣದವರೆಗೆ ಬರಬೇಕು. ಅವರನ್ನು ಆರಿಸುವವಳು ನಾನು. ಆರಿಸಿದ ದಿನವೇ ಐದೂ ಜನರನ್ನು ಸ್ಟಾಫ್ ರೂಮಿನ ಮೂಲೆಗೆ ಕರೆದು ಡೇಟು ಕೇಳುತ್ತಿದ್ದೆ. ಪೂಜೆಯ ದಿನಕ್ಕೆ ಮುಟ್ಟು ಬರುವ ಹಾಗಿದ್ದರೆ ಮುಂದೂಡುವ ಮಾತ್ರೆ ಸಿಗುತ್ತದೆ, ಮೂರು ದಿನ ಮುಂಚೆ ಶುರು ಮಾಡಿ, ಮನೆಯಲ್ಲಿ ಹೇಳಿದರೆ ತಂದುಕೊಡುತ್ತಾರೆ ಎಂದು ಹೇಳುತ್ತಿದ್ದೆ. ಇದರಲ್ಲಿ ನನಗೆ ಯಾವ ನಾಚಿಕೆಯೂ ಇರಲಿಲ್ಲ. ನಮ್ಮ ಮನೆಯಲ್ಲಿ ನಾನೂ ನನ್ನ ಅಕ್ಕಂದಿರೂ ಗೌರಿ ಹಬ್ಬಕ್ಕೆ, ಮದುವೆಗೆ, ಗೃಹಪ್ರವೇಶಕ್ಕೆ ಅದನ್ನು ಕಾಫಿ ಕುಡಿದಷ್ಟು ಸಲೀಸಾಗಿ ನುಂಗಿದವರೇ.

ಆ ವರ್ಷ ಕಲಶ ಹಿಡಿದವರಲ್ಲಿ ಒಬ್ಬಳು ಕ್ಲಾಸಿಗೇ ಮೊದಲು ಬರುವ ಹುಡುಗಿ. ಅವರದು ಗದಗದ ಕಡೆಯ ಮನೆತನ, ಬೆಂಗಳೂರಿಗೆ ಬಂದು ಐದಾರು ವರ್ಷವಾಗಿತ್ತು. ಬಿಟಿಎಂ ಲೇಔಟಿನಲ್ಲಿ ಒಬ್ಬರ ಮನೆಯ ಹಿಂದಿನ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದರು. ಅಪ್ಪ ಒಂದು ಆಫೀಸಿನಲ್ಲಿ ಅಟೆಂಡರು, ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಿದ್ದರು, ಮನೆಯಲ್ಲಿ ಅಜ್ಜಿ. ಹುಡುಗಿ ಬೆಂಗಳೂರಿನ ಮಾತನ್ನು ನಮಗಿಂತ ಚೆನ್ನಾಗಿ ಕಲಿತಿದ್ದಳು. ಪಿಯುಸಿ ಸೈನ್ಸ್ ತೆಗೆದುಕೊಳ್ಳುತ್ತೇನೆ ಎಂದು ಒಂಬತ್ತನೇ ಕ್ಲಾಸಿನಿಂದಲೇ ನನ್ನ ತಲೆ ತಿನ್ನುತ್ತಿದ್ದಳು.

ಅಂಥವಳು ಕಾರ್ತಿಕ ಹುಣ್ಣಿಮೆಯ ಹೊತ್ತಿಗೆ ಒಂದು ಮಧ್ಯಾಹ್ನ ಒಂದು ಅರ್ಜಿ ತಂದು ನನ್ನ ಮೇಜಿನ ಮೇಲಿಟ್ಟಳು. ಟಿ.ಸಿ. ಬೇಕಂತೆ. ಮನೆಯ ಕಾರಣದಿಂದ ಊರಿಗೆ ಹೋಗುತ್ತಿದ್ದೇವೆ ಎಂದು ಬರೆದಿತ್ತು. ಕೆಳಗೆ ಅಪ್ಪನ ಸಹಿ. ಅಪ್ಪನ ಸಹಿಯ ಅಕ್ಷರವೂ ಮಗಳ ಅಕ್ಷರವೂ ಒಂದೇ! ಮೂರು ವರ್ಷ ಅವಳ ನೋಟ್ಸ್ ತಿದ್ದಿದವಳು ನಾನು, ನನ್ನ ಕಣ್ಣಿಗೆ ಮಣ್ಣೆರಚುತ್ತಾಳಾ? ಪರೀಕ್ಷೆಗೆ ನಾಲ್ಕು ತಿಂಗಳಿತ್ತು. ಈಗ ಬಿಟ್ಟು ಹೋದ ಹುಡುಗಿ ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ನನಗೆ ಗೊತ್ತಿತ್ತು. ಸಿಟ್ಟೇ ಬಂತು. ನಾಲ್ಕು ಮಾತು ಬೈದೆ. ಬೈದ ಮೇಲೆ ಅವಳ ಮುಖ ನೋಡಿದೆ. ಕೆನ್ನೆ ಒಳಗೆ ಹೋಗಿತ್ತು.

ಲ್ಯಾಬಿಗೆ ಕರೆದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂರಿಸಿದೆ. ಮತ್ತೆ ಮತ್ತೆ ಕೇಳಿದೆ. ಕೊನೆಗೆ ನೆಲ ನೋಡಿಕೊಂಡು, ಎರಡು ತಿಂಗಳಿಂದ ಮುಟ್ಟು ಸರಿಯಾಗಿ ಬಂದಿಲ್ಲ, ತನಗೆ ಮಗು ಆಗುತ್ತದೆ, ಅಪ್ಪನಿಗೆ ಗೊತ್ತಾಗುವ ಮುಂಚೆ ಊರಿನಲ್ಲಿರುವ ಅತ್ತೆಯ ಮನೆಗೆ ಹೋಗಿಬಿಡುತ್ತೇನೆ ಎಂದಳು.

ನಾನು ನಂಬಿಬಿಟ್ಟೆ. ಅದಕ್ಕೆ ಕಾರಣವಿತ್ತು. ಐದು ವರ್ಷದ ಹಿಂದೆ ಒಂಬತ್ತನೇ ಕ್ಲಾಸಿನ ಒಬ್ಬಳು ಬೇಸಿಗೆ ರಜೆ ಮುಗಿದ ಮೇಲೆ ಬರಲೇ ಇಲ್ಲ. ಗರ್ಭಿಣಿ, ಅವಸರದಲ್ಲಿ ಯಾರಿಗೋ ಕಟ್ಟಿದರಂತೆ ಎಂದು ಸ್ಟಾಫ್ ರೂಮಿನಲ್ಲಿ ಪಿಸುಪಿಸು ಮಾತಾಯಿತು. ಹದಿನಾಲ್ಕು ವರ್ಷದ ಕೂಸು. ನಾನು ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದೆ, ಅಷ್ಟೇ. ಅವಳು ಎಲ್ಲಿದ್ದಾಳೆ ಎಂದು ವಿಚಾರಿಸಲೂ ಇಲ್ಲ. ನಾಚಿಕೆಗೇಡು, ಬೇರೆ ಪದ ನನಗೆ ತೋಚುವುದಿಲ್ಲ. ಮತ್ತೆ ಅದೇ ಕೆಂಪು ಪೆನ್ನು ಹಿಡಿಯುವ ಕಾಲ ಬಂತೇ ಎಂದು ಹೆದರಿದೆ.

ಯಾರು, ಏನು ಎಂದು ಕೇಳಿದೆ. ಟ್ಯೂಷನ್ನಿನಲ್ಲಿ ಒಬ್ಬ ಹುಡುಗನಂತೆ. ಗಣೇಶನ ಹಬ್ಬ ಕಳೆದ ಮೇಲೆ ಒಂದು ಸಂಜೆ ಬಸ್ ಸ್ಟಾಪಿನವರೆಗೆ ಜೊತೆಯಲ್ಲಿ ನಡೆದು ಬಂದನಂತೆ. ರಸ್ತೆ ದಾಟುವಾಗ ಕೈ ಹಿಡಿದುಕೊಂಡನಂತೆ, ದಾಟಿದ ಮೇಲೂ ಬಿಡಲಿಲ್ಲವಂತೆ. ಇವಳಿಗೂ ಬಿಡಿಸಿಕೊಳ್ಳಬೇಕು ಅನ್ನಿಸಲಿಲ್ಲವಂತೆ. ಇದನ್ನು ಹೇಳುವಾಗ ಅವಳ ಕಣ್ಣಿಂದ ನೀರು ಇಳಿಯಿತು.

"ಆಮೇಲೆ?" ಎಂದೆ.

"ಆಮೇಲೆ ಬಸ್ ಬಂತು ಮಿಸ್."

"ಅಷ್ಟೇನಾ? ಬೇರೆ ಏನಾದ್ರೂ ಆಯ್ತಾ?"

"ಬೇರೆ ಅಂದ್ರೆ ಏನ್ ಮಿಸ್?"

ಹತ್ತೊಂಬತ್ತು ವರ್ಷ ಜೀವಶಾಸ್ತ್ರ ಹೇಳಿಕೊಟ್ಟವಳು ನಾನು, ಆ ಪ್ರಶ್ನೆಗೆ ನನ್ನ ಬಾಯಿಂದ ಒಂದು ಪದ ಹೊರಡಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಅದೇ, ಅಂದರೆ, ಮತ್ತೇನಾದರೂ ಎಂದು ತಡವರಿಸಿದೆ. ಅವಳಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಕೈ ಹಿಡಿದರೆ ಹಾಗೆಲ್ಲ ಆಗುವುದಿಲ್ಲ ಕಣೆ ಎಂದೆ. ಆಗ ತಲೆ ಎತ್ತಿ ನನ್ನನ್ನು ನೋಡಿದಳು.

"ನೀವೇ ಹೇಳಿದ್ರಲ್ಲ ಮಿಸ್. ಒಂದ್ಸಲ ತಾಗಿದ್ರೆ ಸಾಕು ಅಂತ."

ಮೊದಲು ನಗು ಬಂತು. ನೆಮ್ಮದಿಯ ನಗು. ಆಮೇಲೆ ನಗು ಅರ್ಧಕ್ಕೇ ನಿಂತುಹೋಯಿತು. ಕ್ಲಾಸಿನ ಜಾಣೆ, ನಾನು ಕೊಟ್ಟ ಅರ್ಧ ಪಾಠವನ್ನು ಪೂರ್ತಿ ಶ್ರದ್ಧೆಯಿಂದ ಕಲಿತಿದ್ದಳು. ಉಳಿದ ಅರ್ಧವನ್ನು ಮನೆಯಲ್ಲಿ ಓದಿಕೊಳ್ಳಲು ಹೋದರೆ, ಆ ಪುಟಗಳಲ್ಲಿ ಒಳಗಿನ ಅಂಗಗಳ ಚಿತ್ರವಿತ್ತೇ ಹೊರತು, ವೀರ್ಯ ಅಲ್ಲಿಗೆ ಹೇಗೆ ಬಂತು ಎಂಬ ಮಾತೇ ಇರಲಿಲ್ಲ. ಆ ಖಾಲಿ ಜಾಗಕ್ಕೆ ಅವಳು ನನ್ನ ದಾಸವಾಳವನ್ನು ಇಟ್ಟುಕೊಂಡಿದ್ದಳು. ಇಷ್ಟು ದಿನ ಆ ಭಯವನ್ನು ಒಬ್ಬಳೇ ಹೊತ್ತು ತಿರುಗಿದ್ದಳು.

ಆದರೆ ಮುಟ್ಟು ನಿಂತದ್ದು ಮಾತ್ರ ನಿಜ. ಅವಳು ಹೇಳದೆ ಬಿಟ್ಟದ್ದು ಏನಾದರೂ ಇದೆಯೇ ಎಂಬ ಅನುಮಾನವೂ ನನ್ನನ್ನು ಬಿಡಲಿಲ್ಲ. ಡಾಕ್ಟರ ಹತ್ತಿರ ಹೋಗೋಣ, ಮನೆಯಿಂದ ದೊಡ್ಡವರು ಒಬ್ಬರು ಬರಲೇಬೇಕು, ಯಾರನ್ನು ಕರೆಯಲಿ ಎಂದೆ. ಅಜ್ಜಿಯನ್ನು ಕರೆಯಿರಿ ಎಂದಳು. ಅಪ್ಪನಿಗೆ ಮಾತ್ರ ಬೇಡ ಎಂದು ಕೈ ಮುಗಿದಳು.

ಸಂಜೆಯೇ ಬಿಟಿಎಂಗೆ ಹೋದೆ. ಮುಂದುಗಡೆ ಓನರ್ ಮನೆ, ಪಕ್ಕದ ಓಣಿಯಲ್ಲಿ ನಡೆದರೆ ಇವರ ಎರಡು ಕೋಣೆ. ಅಜ್ಜಿ ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ನಾನು ಹುಡುಗಿಯ ಆರೋಗ್ಯ, ಸ್ವಲ್ಪ ಏರುಪೇರು ಎಂದು ಸುತ್ತಿ ಬಳಸಿ ಶುರು ಮಾಡಿದೆ. ಅಜ್ಜಿ ಶೇಂಗಾದ ಮೊರವನ್ನು ಪಕ್ಕಕ್ಕೆ ಸರಿಸಿ, ನೇರವಾಗಿ, ಮುಟ್ಟು ನಿಂತೈತೇನು, ಯಾವನರ ಏನರ ಮಾಡ್ಯಾನೇನು ಎಂದು ಕೇಳಿಬಿಟ್ಟರು. ಬಿ.ಎಸ್ಸಿ., ಬಿ.ಎಡ್. ಮಾಡಿದ ನನಗೆ ಬಾರದ ಮಾತು ಆ ಅಜ್ಜಿಗೆ ಒಂದೇ ಉಸಿರಿಗೆ ಬಂತು.

ಮಾರನೆಯ ದಿನ ಮೂವರೂ ಜಯನಗರದಲ್ಲೇ ಒಬ್ಬ ಲೇಡಿ ಡಾಕ್ಟರ ಕ್ಲಿನಿಕ್ಕಿಗೆ ಹೋದೆವು. ವಯಸ್ಸಾದವರು, ಮಾತು ಕಡಿಮೆ. ನಮ್ಮಿಬ್ಬರನ್ನೂ ಹೊರಗೆ ಕೂರಿಸಿ ಹುಡುಗಿಯ ಜೊತೆ ಮಾತಾಡಿದರು. ಹೊರಗಿನ ಬೆಂಚಿನಲ್ಲಿ ಅಜ್ಜಿ ಕೊರಳಲ್ಲಿದ್ದ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು. ನಾನು ರಾಯರನ್ನು ನೆನೆದುಕೊಂಡೆ. ಹತ್ತು ನಿಮಿಷ ಕಳೆದ ಮೇಲೆ ಒಳಗೆ ಕರೆದರು. ಭಯ ಪಡುವಂಥದ್ದು ಏನೂ ಇಲ್ಲ, ಅವಳಿಗೆ ಏನೂ ಆಗಿಲ್ಲ ಎಂದರು.

ಆಮೇಲೆ ಡಾಕ್ಟರು ಹುಡುಗಿಗೆ ಅದನ್ನು ತೋರಿಸು ಎಂದರು. ಅವಳು ಬ್ಯಾಗಿನಿಂದ ಕಂಪಾಸ್ ಬಾಕ್ಸು ತೆಗೆದು, ಅದರೊಳಗಿನಿಂದ ಎರಡು ಖಾಲಿ ಮಾತ್ರೆ ಹಾಳೆ, ಅರ್ಧ ಖಾಲಿಯಾದ ಇನ್ನೊಂದು ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಮುಟ್ಟು ಮುಂದೂಡುವ ಮಾತ್ರೆ. ಶಾರದಾ ಪೂಜೆಗೆ ಶುರು ಮಾಡಿದ್ದಳು. ಅಷ್ಟರಲ್ಲಿ ಓನರ್ ಮನೆಯಲ್ಲಿ ದಸರಾ ಗೊಂಬೆ ಕೂರಿಸಿದರು. ಒಂಬತ್ತು ದಿನವೂ ಇವಳನ್ನು ಹಾಡಲು ಕರೆದರು, ಇವಳ ಕೈಯಲ್ಲೇ ಆರತಿ ಮಾಡಿಸಿದರು. ಆ ಸಂಭ್ರಮ ತಪ್ಪಿಹೋದೀತೆಂದು ನುಂಗಿದಳು. ಮಧ್ಯೆ ಬಿಟ್ಟಾಗ ಒಂದು ದಿನ ಚೂರು ಕಂಡು ನಿಂತಿತಂತೆ, ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮತ್ತೆ ದೀಪಾವಳಿಗೆ ಶುರು ಮಾಡಿ ಓನರ್ ಮನೆಯ ತುಳಸಿ ಪೂಜೆಯವರೆಗೂ ನುಂಗಿದಳು. ಬಿಟ್ಟದ್ದು ಮೂರು ದಿನದ ಹಿಂದೆ, ಬಿಟ್ಟ ಮೇಲೂ ಬರದಿದ್ದಾಗ ಇದು ಕೈ ಹಿಡಿದದ್ದರ ಫಲವೇ ಎಂದು ತೀರ್ಮಾನಿಸಿದ್ದಳು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮೆಡಿಕಲ್ ಶಾಪಿನಲ್ಲಿ ಅವಳೇ ಹೋಗಿ ಕೇಳಿದ್ದಳು, ಅವರೂ ಕೊಟ್ಟಿದ್ದರು.

ಡಾಕ್ಟರಿಗೆ ಸಿಟ್ಟು ಬಂದಿತ್ತು. ಈ ವಯಸ್ಸಿನ ಮಗುವಿಗೆ ಇದನ್ನು ಹೇಳಿಕೊಟ್ಟವರು ಯಾರು ಎಂದರು. ಅಜ್ಜಿ ನನ್ನ ಕಡೆ ನೋಡಲಿಲ್ಲ, ಅವರಿಗೇನು ಗೊತ್ತು? ಹುಡುಗಿಯೂ ಮಾತಾಡಲಿಲ್ಲ, ಕಂಪಾಸ್ ಬಾಕ್ಸಿನ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತಿದ್ದಳು. ನನ್ನನ್ನು ಕಾಪಾಡುತ್ತಿದ್ದಳು, ಪಾಪ. ನಾನೇ ಹೇಳಿದೆ. "ನಾನೇ ಡಾಕ್ಟ್ರೇ. ಕಲಶ ಹಿಡಿಯೋ ಮಕ್ಕಳಿಗೆಲ್ಲ ನಾನೇ ಹೇಳ್ತೀನಿ."

ಆಮೇಲೆ ಅಜ್ಜಿ ನನ್ನ ಕಡೆ ತಿರುಗಿದರು. ಬೈಯಲಿಲ್ಲ. ಏನೂ ಅರಿಯದ ಚಿಕ್ಕ ಹುಡುಗಿಗೆ ತಿಳಿಸಿ ಹೇಳುವ ಹಾಗೆ ಹೇಳಿದರು.

"ನಮ್ಮೊಳಗ ಆ ಮೈಲಿಗಿ ಇಲ್ರೀ ಬಾಯಾರ. ಕೊರಳಾಗ ಲಿಂಗ ಐತಿ. ಲಿಂಗ ಕಟ್ಟಿದ ಮೈಗೆ ಮೈಲಿಗಿ ಎಲ್ಲಿಂದ ಬರ್ತೈತಿ? ಮುಟ್ಟಾದಾಗೂ ನಾ ಪೂಜಿ ಬಿಟ್ಟಾಕಿ ಅಲ್ಲ. ನಮ್ಮ ಹುಡುಗಿ ಇದನ್ನ ಸಾಲ್ಯಾಗ ಕಲಿತ್ಳೇನು?"

ಶಾಲೆಯಲ್ಲಿ ಕಲಿತಳು. ನನ್ನಿಂದಲೇ ಕಲಿತಳು. ಅವರ ಮನೆಯಲ್ಲಿ ಇಲ್ಲದ ಮೈಲಿಗೆಯನ್ನು ನಾನು ಕಲಿಸಿದೆ, ಕಲಿಸಬೇಕಾದ ಪಾಠವನ್ನು ಮನೆಗೆ ಕಳಿಸಿದೆ. ಎಲ್ಲರ ಮನೆಯೂ ನಮ್ಮ ಮನೆಯಂತೆಯೇ ಎಂದು ಹತ್ತೊಂಬತ್ತು ವರ್ಷ ನಂಬಿಕೊಂಡಿದ್ದೆನಲ್ಲ, ನನ್ನ ಬುದ್ಧಿಗೆ ಏನು ಹೇಳಬೇಕು! ಡಾಕ್ಟರು ಇನ್ನು ಮಾತ್ರೆ ಮುಟ್ಟಬೇಡ, ವಾರ ಹತ್ತು ದಿನದಲ್ಲಿ ತಾನಾಗಿ ಬರುತ್ತದೆ, ಬರದಿದ್ದರೆ ಮತ್ತೆ ಬಾ ಎಂದು ಕಳಿಸಿದರು. ಬಾಗಿಲು ದಾಟುವಾಗ ನನ್ನನ್ನು ಕರೆದು, ಟೀಚರ್, ನನ್ನ ಹತ್ತಿರ ಬರುವ ಎಲ್ಲ ಹುಡುಗಿಯರ ಕಥೆಯೂ ಹೀಗೆ ಸುಖವಾಗಿ ಮುಗಿಯುವುದಿಲ್ಲ ಎಂದರು. ನನಗೆ ಕೆಂಪು ಗೆರೆಯ ಆ ಹುಡುಗಿ ನೆನಪಾದಳು.

ಮಾರನೆಯ ದಿನ ಹೆಡ್‌ಮಿಸ್ ಹತ್ತಿರ ಹೋಗಿ ಆ ಪಾಠ ಮಾಡುತ್ತೇನೆ ಎಂದೆ. ಹುಡುಗಿಯ ವಿಷಯ ಎತ್ತಲಿಲ್ಲ. ಅವರು ಒಳ್ಳೆಯವರು, ಪುಕ್ಕಲು ಸ್ವಭಾವ. ಇಷ್ಟು ವರ್ಷ ಬಿಟ್ಟೇ ನಡೆದಿದೆ, ಇನ್ನೆರಡು ವರ್ಷಕ್ಕೆ ರಿಟೈರ್ ಆಗುತ್ತೇನೆ, ಪೋಷಕರು ಗಲಾಟೆ ಮಾಡಿದರೆ ಏನು ಗತಿ ಎಂದು ಗೋಗರೆದರು. ಪುಸ್ತಕದಲ್ಲಿ ಇರುವ ಪಾಠ ಮಾಡಿದರೆ ಯಾರು ಗಲಾಟೆ ಮಾಡುತ್ತಾರೋ ನೋಡೇಬಿಡೋಣ ಎಂದೆ. ನನ್ನ ದನಿ ಕೊಂಚ ಏರಿತ್ತು. ಕೊನೆಗೆ, ಆಯ್ತು, ಬಾಗಿಲು ಹಾಕಿಕೊಂಡು ಮಾಡಿ ಎಂದರು.

ಶನಿವಾರ ಬೆಳಗ್ಗೆ ಎರಡು ಪೀರಿಯಡ್ ತೆಗೆದುಕೊಂಡೆ. ಬಾಗಿಲು ಹಾಕಲಿಲ್ಲ. ಹಾಕಿದರೆ ಇದು ಕದ್ದು ಕಲಿಯುವ ವಿದ್ಯೆ ಎಂದುಕೊಳ್ಳುತ್ತಾರೆ. ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಎಲ್ಲ ಪದಗಳನ್ನೂ ಜೋರಾಗಿ ಹೇಳಿ ಅಭ್ಯಾಸ ಮಾಡಿದ್ದೆ. ನಮ್ಮ ಯಜಮಾನರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂತವರು ಎದ್ದೇ ಇರಲಿಲ್ಲ. ಆದರೂ ಬೋರ್ಡಿನ ಮುಂದೆ ನಿಂತಾಗ ಮೊದಲು ಡಸ್ಟರನ್ನೇ ತೆಗೆದುಕೊಂಡೆ, ಮತ್ತೆ ಕೆಳಗಿಟ್ಟೆ. ಗಂಡಿನ ದೇಹದಲ್ಲಿ ಏನಿದೆ, ಹೆಣ್ಣಿನ ದೇಹದಲ್ಲಿ ಏನಿದೆ, ಗರ್ಭ ಯಾವುದರಿಂದ ನಿಲ್ಲುತ್ತದೆ, ಯಾವುದರಿಂದ ನಿಲ್ಲುವುದಿಲ್ಲ, ನೇರವಾಗಿ ಹೇಳಿದೆ. ಕೈ ಹಿಡಿದರೆ ನಿಲ್ಲುವುದಿಲ್ಲ ಎಂದಾಗ ಅವಳು ಕೂತಿದ್ದ ಮೂರನೇ ಬೆಂಚಿನ ಕಡೆ ಬೇಕೆಂದೇ ನೋಡಲಿಲ್ಲ. ನಿಮ್ಮ ವಯಸ್ಸಿನ ದೇಹ ಹೆರಿಗೆಗೆ ತಯಾರಾಗಿಲ್ಲ ಎಂದೆ. ಬೇಡ ಎಂದ ಮೇಲೂ ಮುಟ್ಟುವವನು ಮಾವನಾಗಲಿ ಮೇಷ್ಟ್ರಾಗಲಿ ತಪ್ಪು ಅವನದು, ಹಾಗಾದರೆ ಬಂದು ನನಗೆ ಹೇಳಿ, ನಾನು ಬೈಯುವುದಿಲ್ಲ ಎಂದೆ. ಯಾರೂ ಮುಸಿಮುಸಿ ನಗಲಿಲ್ಲ.

ಪ್ರಶ್ನೆ ಇದ್ದರೆ ಕೇಳಿ ಎಂದರೆ ಐವತ್ತು ಬಾಯಿಗೂ ಬೀಗ. ಮೊದಲು ಕೇಳಿದ್ದು ಬಾಗಿಲ ಹತ್ತಿರ ಪೊರಕೆ ಹಿಡಿದು ನಿಂತಿದ್ದ ನಮ್ಮ ಆಯಾ. ಆಕೆಗೆ ಮೂರು ಹೆಣ್ಣುಮಕ್ಕಳು. ಗಂಡು ಹುಟ್ಟದೇ ಇದ್ದರೆ ಹೆಂಗಸಿನದೇ ದೋಷ ಅಂತಾರಲ್ಲ, ಹೌದಾ ಮಿಸ್ ಎಂದರು. ಅಲ್ಲಮ್ಮ, ಗಂಡೋ ಹೆಣ್ಣೋ ಎಂದು ನಿರ್ಧಾರವಾಗುವುದು ಗಂಡಸಿನ ಕಡೆಯಿಂದ ಬರುವುದರಲ್ಲಿ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಆಯಾ ಆ ಬೋರ್ಡನ್ನೇ ನೋಡುತ್ತಾ ನಿಂತರು. ಇವತ್ತು ಮನೆಗೆ ಹೋಗಿ ಇದೆ ಅವನಿಗೆ ಎಂದರು. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು, ಆಮೇಲೆ ಒಂದರ ಹಿಂದೊಂದು ಕೈ ಎದ್ದವು. ಬೆಲ್ಲು ಹೊಡೆದಾಗ ತಿರುಗಿ ನೋಡಿದರೆ ಹೆಡ್‌ಮಿಸ್ ಯಾವಾಗಲೋ ಬಂದು ಕೊನೆಯ ಬೆಂಚಿನಲ್ಲಿ ಕೂತಿದ್ದರು. ಒಂಬತ್ತನೇ ಕ್ಲಾಸಿಗೂ ಮಾಡಿಬಿಡಿ ಎಂದಷ್ಟೇ ಹೇಳಿ ಎದ್ದು ಹೋದರು.

ಸೋಮವಾರ ಮಧ್ಯಾಹ್ನ ನಾನು ಸ್ಟಾಫ್ ರೂಮಿನಲ್ಲಿ ಮೊಸರನ್ನ ತಿನ್ನುತ್ತಿದ್ದೆ. ಹುಡುಗಿ ಬಂದು ಬಾಗಿಲಲ್ಲಿ ನಿಂತಳು. ಮುಖದಲ್ಲಿ ಕಳೆ ಬಂದಿತ್ತು.

"ಮಿಸ್, ನನ್ನ ಟಿ.ಸಿ. ಅರ್ಜಿ ವಾಪಸ್ ಕೊಡ್ತೀರಾ?"

ಮುಟ್ಟು ಬಂದಿದೆ ಎಂದು ಅವಳ ಮುಖವೇ ಹೇಳುತ್ತಿತ್ತು. ಡ್ರಾಯರಿನಿಂದ ತೆಗೆದು ಕೊಟ್ಟೆ. ಅಲ್ಲೇ ನಿಂತು ನಾಲ್ಕು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದಳು. ಅಪ್ಪನ ಸಹಿ ಇನ್ನೊಂದು ಸಲ ಹಾಕಿದರೆ ಕಾಲು ಮುರೀತೀನಿ ಎಂದೆ. ನಕ್ಕುಕೊಂಡು ಓಡಿಹೋದಳು. ನಾನು ಮಿಕ್ಕ ಮೊಸರನ್ನವನ್ನು ಉಪ್ಪಿನಕಾಯಿ ನೆಕ್ಕಿಕೊಂಡು ಬಹಳ ಖುಷಿಯಾಗಿ ತಿಂದೆ. ಜೂನಿನಲ್ಲಿ ಅವಳಿಗೆ ಟಿ.ಸಿ. ಕೊಟ್ಟೆವು, ಫಸ್ಟ್ ಕ್ಲಾಸಿನ ಜೊತೆಗೆ, ಪಿಯುಸಿ ಸೈನ್ಸಿಗೆ. ಅಜ್ಜಿ ಧಾರವಾಡ ಪೇಡ ತಂದುಕೊಟ್ಟರು.

ಅವಳು ಹೋದ ಮೇಲಿನ ದಸರಾಕ್ಕೆ ಮತ್ತೆ ಐದು ಹುಡುಗಿಯರನ್ನು ಆರಿಸಿದೆ. ಡೇಟು ಕೇಳಲಿಲ್ಲ, ಮಾತ್ರೆಯ ಸುದ್ದಿ ಎತ್ತಲಿಲ್ಲ. ಯಾರಿಗೂ ಏನನ್ನೂ ಸಾರಲಿಲ್ಲ, ನನಗೆ ಅಷ್ಟು ಧೈರ್ಯವೂ ಇರಲಿಲ್ಲ. ನಮ್ಮ ಮನೆಯಲ್ಲಿ ನಾನು ಇನ್ನೂ ಮೂರು ದಿನ ದೇವರ ಕೋಣೆಗೆ ಹೋಗುತ್ತಿರಲಿಲ್ಲ. ಪೂಜೆಯ ದಿನ ಗೇಟಿನ ಹತ್ತಿರ ಐವರನ್ನೂ ಸಾಲಾಗಿ ನಿಲ್ಲಿಸಿ ಕೈಗೆ ಕಲಶ ಕೊಡುತ್ತಿದ್ದೆ. ಕೊನೆಯಲ್ಲಿದ್ದವಳು ಕೈ ಚಾಚಲಿಲ್ಲ. ಹಸಿರು ಸೀರೆ, ಅಮ್ಮನದಿರಬೇಕು, ನೆರಿಗೆ ಕಾಲಿಗೆ ತೊಡರುತ್ತಿತ್ತು. ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು.

"ಮಿಸ್, ನಂಗೆ ಇವತ್ತು ಎರಡನೇ ದಿನ."

ಸಭಾಂಗಣದೊಳಗೆ ಶಾರದೆಯ ಫೋಟೋದ ಮುಂದೆ ದೀಪ ಹಚ್ಚಿಯಾಗಿತ್ತು. ಪುರೋಹಿತರು ಕಾಯುತ್ತಿದ್ದರು. ನನ್ನ ಅಮ್ಮ, ನನ್ನ ಅಜ್ಜಿ, ಎಲ್ಲರೂ ಒಂದು ಕ್ಷಣ ಕಣ್ಣ ಮುಂದೆ ಬಂದರು ಎಂದರೆ ಸುಳ್ಳಲ್ಲ. ಆಮೇಲೆ ಶೇಂಗಾ ಸುಲಿಯುವ ಆ ಅಜ್ಜಿ ಬಂದರು. ನಾನು ಅವಳ ನೆರಿಗೆಯನ್ನು ಸ್ವಲ್ಪ ಮೇಲಕ್ಕೆ ಸಿಕ್ಕಿಸಿ, ಕಲಶವನ್ನು ಅವಳ ಕೈಗಿಟ್ಟೆ.

"ಎರಡೂ ಕೈಯಲ್ಲಿ ನೆಟ್ಟಗೆ ಹಿಡ್ಕೋ," ಎಂದೆ. "ನೀರು ಚೆಲ್ಲುತ್ತೆ."